ಮೂರು ತಿಂಗಳ ಹಿಂದಿನ ಹಸಿವು

ಜನವರಿ 9

ಅಕ್ಕಾ,

ನೀನು ಬಸ್ಸು ಹತ್ತಿ ಹೋದ ಮೇಲೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಮೊದಲು ಅತ್ತೆವು, ಆಮೇಲೆ ಜಗಳವಾಡಿದೆವು, ಹೇಳಬೇಕಾದದ್ದು ಹಾಗೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಡಯಾಲಿಸಿಸ್ ಮಂಚದಲ್ಲಿ ಎಡಗೈಯನ್ನು ಯಂತ್ರಕ್ಕೆ ಒಪ್ಪಿಸಿ ಮಲಗಿದರೆ ಬಲಗೈಗೆ ಬೇರೆ ಕೆಲಸವೇ ಇರುವುದಿಲ್ಲ. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆದುಕೊಂಡು, ಮತ್ತೆ ಒಳಗೆ ಬರುತ್ತಿರುತ್ತದೆ. ಮಧ್ಯಾಹ್ನವಿಡೀ ಅದನ್ನೇ ನೋಡುತ್ತಾ ಇರುವುದಕ್ಕಿಂತ ನಿನ್ನ ಜೊತೆ ಜಗಳವಾಡುವುದು ವಾಸಿ.

ಡಾಕ್ಟರಮ್ಮ ಹೇಳಿದ್ದನ್ನು ನೀನು ಪೂರ್ತಿ ಕೇಳಿಸಿಕೊಂಡಿಲ್ಲ ಎಂದು ನನಗೆ ಅನುಮಾನ. ಅವರು ಹೇಳಿದ್ದು ಹೀಗೆ: "ರಕ್ತ ಹೊಂದುತ್ತೆ, ಮಿಕ್ಕಿದ್ದೂ ಚೆನ್ನಾಗಿ ಹೊಂದುತ್ತೆ. ತೂಕ ಮಾತ್ರ ತುಂಬಾ ಜಾಸ್ತಿ. ಈ ತೂಕದಲ್ಲಿ ನಿಮ್ಮ ಕಿಡ್ನಿ ತೆಗೆದ್ರೆ ಅಪಾಯ ನಿಮಗೇ. ಹದಿನೆಂಟು ಕಿಲೋ ಇಳಿಸ್ಕೊಂಡು ಬನ್ನಿ. ನಿಧಾನವಾಗಿ ಇಳಿಸಿ, ಅವಸರ ಬೇಡ." ನೀನು 'ಹೊಂದುತ್ತೆ' ಎನ್ನುವಲ್ಲಿಗೇ ನಿಂತುಬಿಟ್ಟೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಆ ಮಾತಿಗೆ ನಕ್ಕೆಯಲ್ಲ, ಯಾಕೆ ನಕ್ಕೆ? ನನ್ನ ಕಾಯಿಲೆ ಶುರುವಾದ ಮೇಲೆ ಆ ಆಸ್ಪತ್ರೆಯಲ್ಲಿ ಯಾರೂ ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ.

ನನಗೆ ಹೀಗೇ ಇದ್ದು ರೂಢಿಯಾಗಿದೆ. ಯಂತ್ರದ ದಿನಗಳಲ್ಲಿ ಕನ್ನಡಕದಂಗಡಿಯ ಯಜಮಾನರು ರಜೆ ಕೊಡುತ್ತಾರೆ. ಮಿಕ್ಕ ದಿನ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತೇನೆ. ಅಂಗಡಿಯ ಮೇಲೇ ನನ್ನ ಕೋಣೆ. ಮೆಟ್ಟಿಲು ಹತ್ತಿದರೆ ಮನೆ, ಇಳಿದರೆ ಕೆಲಸ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನಗೆಂದು ಉಳಿದಿರುವವಳು ನೀನೊಬ್ಬಳು. ಆ ಒಬ್ಬಳನ್ನೂ ಕತ್ತರಿಗೆ ಒಡ್ಡಲು ನನಗೆ ಮನಸ್ಸಿಲ್ಲ. ಇನ್ನೊಂದು ಸಲ ಯೋಚನೆ ಮಾಡು.

ನಿನ್ನ
ಗುಬ್ಬಿ


ಜನವರಿ 21

ಗುಬ್ಬೀ,

ನಿನ್ನ ಕಾಗದ ಓದಿ ನಿನ್ನ ಭಾವ "ಇವಳು ಕನ್ನಡಕದಂಗಡಿಗೆ ಹೋಗಿ ಹಾಳಾದ್ಲು, ವಕೀಲಿ ಓದ್ಬೇಕಿತ್ತು" ಅಂದರು. ನಾನು ಯೋಚನೆ ಮಾಡಿಯಾಯಿತು. ನನ್ನ ಕಿಡ್ನಿ, ನನಗೆ ಬೇಕಾದವರಿಗೆ ಕೊಡುತ್ತೇನೆ. ತೆಗೆದುಕೊಳ್ಳುವವಳು ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳಬೇಕು.

ಬೂಟಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಷ್ಟು ವರ್ಷ ಒಲೆ ಮುಂದೆ ನಿಂತವಳು ಹದಿನೆಂಟು ಕಿಲೋಗೆ ಹೆದರುತ್ತಾಳೇನು? ಅದು ಒಂದು ಪುಟ್ಟ ಮೂಟೆ ಆಲೂಗಡ್ಡೆ. ಅದಕ್ಕಿಂತ ದೊಡ್ಡದನ್ನು ದಿನಾ ಬೆಳಿಗ್ಗೆ ಸೊಂಟದ ಮೇಲೆ ಹೊತ್ತು ತರುತ್ತೇನೆ. ಈಗ ಒಂದನ್ನು ಇಳಿಸಬೇಕು, ಅಷ್ಟೇ.

ಕಷ್ಟವಿರುವುದು ರುಚಿ ನೋಡುವುದರಲ್ಲಿ. ರುಚಿ ನೋಡಿ ನೋಡಿಯೇ ನಾನು ಹೀಗೆ ಊದಿಕೊಂಡಿದ್ದು. ಈಗ ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಮೋರಿಗೆ ಉಗಿಯುತ್ತೇನೆ. ಮೊದಲ ದಿನ ತರಕಾರಿ ಹೆಚ್ಚುವವಳು ನೋಡಿ ಗಾಬರಿಯಾಗಿ, "ಅಕ್ಕಾ, ಅಷ್ಟು ಕೆಟ್ಟೋಗಿದೆಯಾ? ಇನ್ನೊಂದ್ಸಲ ಮಾಡೋಣ್ವಾ?" ಅಂದಳು. ಅವಳಿಗೆ ವಿಷಯ ಹೇಳಲೇಬೇಕಾಯಿತು. ಕೇಳಿ ಚಾಕು ಕೆಳಗಿಟ್ಟು ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ಆಮೇಲೆ, "ಹಂಗಾದ್ರೆ ರುಚಿ ನಾನೇ ನೋಡ್ತೀನಿ ಬಿಡಿ, ನಾನು ದಪ್ಪ ಆದ್ರೂ ಕೇಳೋರಿಲ್ಲ" ಎಂದಳು.

ನೀನು ನೀರು ಅಳೆದು ಕುಡಿ, ಉಪ್ಪು ಮುಟ್ಟಬೇಡ. ಯಾಕೆ ನಕ್ಕೆ ಎಂದು ಕೇಳಿದ್ದೀಯ. ನಗಬೇಕೆನಿಸಿತು, ನಕ್ಕೆ.

ನಿನ್ನ
ಅಕ್ಕ


ಮಾರ್ಚ್ 3

ಗುಬ್ಬೀ,

ಒಳ್ಳೆಯ ಸುದ್ದಿ. ಅರ್ಧ ಮೂಟೆ ಇಳಿಯಿತು. ದಾಸ್ತಾನು ಕೋಣೆಯಲ್ಲಿ ಮೂಟೆ ತೂಗುವ ತಕ್ಕಡಿ ಇದೆಯಲ್ಲ, ವಾರಕ್ಕೊಮ್ಮೆ ಈರುಳ್ಳಿಯ ಸರದಿ ಮುಗಿದ ಮೇಲೆ ನನ್ನ ಸರದಿ. ದಾಸ್ತಾನಿನವನು ಗಂಭೀರವಾಗಿ ಮುಳ್ಳು ನೋಡಿ, "ಈ ವಾರದ ಮಾಲು ಕಮ್ಮಿ ಬಂದಿದೆ" ಎನ್ನುತ್ತಾನೆ.

ಎಲ್ಲರೂ ಹೊಗಳುವವರೇ. ಪ್ಯಾಕಿಂಗ್ ವಿಭಾಗದ ಹೆಂಗಸರು ತಟ್ಟೆ ಹಿಡಿದುಕೊಂಡು ಕಿಟಕಿಯಲ್ಲಿ ಬಗ್ಗಿ ನೋಡುತ್ತಾರೆ. "ಏನ್ ಮಾಡ್ತಿದ್ದೀರಿ, ನಮಗೂ ಹೇಳಿ, ಹತ್ತು ವರ್ಷ ಚಿಕ್ಕೋರ ಥರ ಕಾಣ್ತೀರಿ" ಎನ್ನುತ್ತಾರೆ. ರವಿಕೆಗಳನ್ನೆಲ್ಲ ಎರಡು ಸಲ ಹಿಡಿಸಿದೆ. ಬೆರಳಿನ ಉಂಗುರ ಸೋಪಿಲ್ಲದೆ ಜಾರುತ್ತದೆ.

ಹೊಟ್ಟೆ ತುಂಬಾ ತಿನ್ನುತ್ತೇನೆ, ಆ ಚಿಂತೆ ನಿನಗೆ ಬೇಡ. ಏನು ತಿನ್ನುತ್ತೇನೆ ಎಂದು ಕೇಳಬೇಡ, ಬರೆಯಲೂ ಬೇಸರ ಬರುವಂಥ ಊಟ. ಮೊನ್ನೆ ಒಲೆ ಮುಂದೆ ಒಂದಿಷ್ಟು ಕಣ್ಣು ಕತ್ತಲೆ ಬಂತು. ಸೆಖೆ. ಕೂತು ನೀರು ಕುಡಿದ ಮೇಲೆ ಸರಿಹೋಯಿತು. ನಿನ್ನ ಭಾವನಿಗೆ ಹೇಳಿಲ್ಲ, ನೀನೂ ಹೇಳಬೇಡ.

ನಿನ್ನ
ಅಕ್ಕ


ಏಪ್ರಿಲ್ 5

ಅಕ್ಕಾ,

ನನ್ನ ಪಕ್ಕದ ಮಂಚದ ಟೀಚರಮ್ಮನ ಬಗ್ಗೆ ಹೇಳಿದ್ದೆನಲ್ಲ. ಯಂತ್ರದ ಸದ್ದಿಗೆ ಸರಿಯಾಗಿ ಮಗ್ಗಿ ಹೇಳುತ್ತಿದ್ದರು, ಹೊತ್ತು ಬೇಗ ಹೋಗುತ್ತದೆಂದು. ಕಳೆದ ವಾರ ಅವರ ಮಂಚ ಖಾಲಿ ಇತ್ತು. ಮನೆಯಲ್ಲಿ ಏನಾದರೂ ಸಮಾರಂಭವಿರಬೇಕು, ಸರದಿ ಬದಲಾಯಿಸಿಕೊಂಡಿರಬೇಕು ಎಂದುಕೊಂಡೆ. ಇವತ್ತು ಆ ಮಂಚದಲ್ಲಿ ಬೇರೆಯವರಿದ್ದಾರೆ. ನರ್ಸನ್ನು ಕೇಳಿದೆ. ಅವಳು ನನ್ನ ಕೈಯ ಪಟ್ಟಿ ಬಿಗಿ ಮಾಡುತ್ತಾ, "ಅವ್ರು ಇನ್ನು ಬರಲ್ಲ ಕಣಮ್ಮ" ಅಂದಳು.

ಅವರ ಮಗ ಕಿಡ್ನಿ ಕೊಡಲು ಸಿದ್ಧನಾಗಿದ್ದ. ಪರೀಕ್ಷೆಗಳೂ ಮುಗಿದಿದ್ದವು. ದಿನ ಗೊತ್ತಾಗುವುದೊಂದೇ ಬಾಕಿಯಿತ್ತು.

ನನಗೆ ಇವತ್ತು ಬೇರೆ ಏನನ್ನೂ ಬರೆಯಲು ತೋಚುತ್ತಿಲ್ಲ. ನಿನಗಲ್ಲದೆ ಇದನ್ನು ಯಾರಿಗೆ ಹೇಳಲಿ, ಅದಕ್ಕೆ ಬರೆದೆ.

ಗುಬ್ಬಿ


ಏಪ್ರಿಲ್ 12

ಗುಬ್ಬೀ,

ಕಾಗದ ಬಂತು. ಧೈರ್ಯವಾಗಿರು. ನಾನು ಬೇಗ ಮುಗಿಸುತ್ತೇನೆ.

ಅಕ್ಕ


ಮೇ 18

ಗುಬ್ಬೀ,

ಬರೆಯಲು ತಡವಾಯಿತು. ಕೆಲಸದಲ್ಲಿ ಸ್ವಲ್ಪ ಬದಲಾವಣೆ. ಈಗ ನಾನು ಒಲೆ ಹತ್ತಿರ ಇಲ್ಲ, ಟೋಕನ್ ಕೊಡುವ ಕಿಟಕಿಯಲ್ಲಿ ಕೂರುತ್ತೇನೆ. ಕಾಲಿಗೆ ಆರಾಮ. ಇಷ್ಟು ವರ್ಷ ನಿಂತೇ ಇದ್ದವಳಿಗೆ ಕುರ್ಚಿ ಸಿಕ್ಕಿದ್ದು ಒಳ್ಳೆಯದೇ ಆಯಿತು. ಅಡುಗೆ ಮಾಡಲು ಹೊಸಬರು ಬಂದಿದ್ದಾರೆ. ಉಪ್ಪು ಮುಂದು ಮಾಡುತ್ತಾರೆ. ಜನ ಟೋಕನ್ ತೆಗೆದುಕೊಳ್ಳುವಾಗ ನನ್ನ ಹತ್ತಿರ ದೂರು ಹೇಳಿ ಹೋಗುತ್ತಾರೆ.

ಮುಂದಿನ ತಿಂಗಳು ಪರೀಕ್ಷೆಗೆ ಬರುತ್ತೇನೆ. ಮೂಟೆಯಲ್ಲಿ ನಾಲ್ಕೈದು ಆಲೂಗಡ್ಡೆ ಉಳಿದಿವೆ, ಅಷ್ಟರಲ್ಲಿ ಅವೂ ಹೋಗುತ್ತವೆ. ಬಸ್ ನಿಲ್ದಾಣಕ್ಕೆ ನೀನು ಬರಬೇಡ, ಯಂತ್ರದ ಮರುದಿನ ನಿನಗೆ ಸುಸ್ತಿರುತ್ತದೆ. ನಾನೇ ನೇರವಾಗಿ ಆಸ್ಪತ್ರೆಗೆ ಬರುತ್ತೇನೆ. ತಲೆಗೆ ವಸ್ತ್ರ ಕಟ್ಟಿಕೊಂಡಿರುತ್ತೇನೆ. ಬಿಸಿಲು ಜಾಸ್ತಿ.

ನಿನ್ನ
ಅಕ್ಕ


ಜೂನ್ 9

ಅಕ್ಕಾ,

ನೀನು ಬೇಡವೆಂದರೂ ನಿಲ್ದಾಣಕ್ಕೆ ಬಂದಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ನೀನು ಬಸ್ಸಿನಿಂದ ಇಳಿದು ನನ್ನ ಪಕ್ಕದಲ್ಲೇ ಹೋದೆ. ನಾನು ಬಸ್ಸಿನ ಬಾಗಿಲನ್ನೇ ನೋಡುತ್ತಾ, ನನ್ನ ಅಕ್ಕ ಇನ್ನೂ ಇಳಿದಿಲ್ಲ ಎಂದುಕೊಂಡು ನಿಂತಿದ್ದೆ. ಬಸ್ಸು ಖಾಲಿಯಾದ ಮೇಲೆ ತಿರುಗಿ ನೋಡಿದರೆ, ರಸ್ತೆ ದಾಟುತ್ತಿದ್ದ ಆ ಹೆಂಗಸಿನ ಕೈಯಲ್ಲಿ ನಿನ್ನ ಚೀಲವಿತ್ತು. ನಾನು ಕೂಗಲಿಲ್ಲ. ನೀನು ಹೋದ ಮೇಲೆ ಬೇರೆ ದಾರಿಯಲ್ಲಿ ಆಸ್ಪತ್ರೆಗೆ ಬಂದೆ.

ಆಮೇಲೆ ನಡೆದದ್ದು ನಿನಗೂ ಗೊತ್ತು, ನನಗೂ ಗೊತ್ತು, ಆದರೆ ವಾಪಸು ಹೋಗುವಾಗ ನೀನು ಏನೂ ಆಗಿಲ್ಲವೆಂಬಂತೆ ಹಣ್ಣಿನ ಬಗ್ಗೆ ಮಾತಾಡಿದೆ. ಆದ್ದರಿಂದ ನಾನೇ ಬರೆಯುತ್ತೇನೆ. ರಕ್ತ ತೆಗೆಯುವಾಗ ನೀನು ತಲೆ ಹಿಂದಕ್ಕೆ ಒರಗಿಸಿದೆ, ವಸ್ತ್ರ ಜಾರಿತು. ನಡು ನೆತ್ತಿಯವರೆಗೆ ಚರ್ಮ ಕಾಣುತ್ತಿತ್ತು. ಹಿಂದೆ ಇಲಿಬಾಲದಂಥ ಒಂದು ಜಡೆ. ನೀನು ಒಂದೇ ಕೈಯಲ್ಲಿ ವಸ್ತ್ರ ಎಳೆದುಕೊಳ್ಳಲು ನೋಡಿದೆ, ಇನ್ನೊಂದು ಕೈಯಲ್ಲಿ ಸೂಜಿ ಇತ್ತು. ನಾನು ಬಂದು ಸರಿಮಾಡಬಹುದಿತ್ತು. ಮಾಡಲಿಲ್ಲ. ಗೋಡೆ ನೋಡಿದೆ.

ಡಾಕ್ಟರಮ್ಮ ವರದಿಯನ್ನು ಎರಡು ಸಲ ಓದಿದರು. "ತೂಕವೇನೋ ಇಳಿದಿದೆ. ಆದ್ರೆ ರಕ್ತವೇ ಇಲ್ಲವಲ್ಲಮ್ಮ ನಿಮ್ಮಲ್ಲಿ. ಮೈಯಲ್ಲಿ ಸತ್ವ ಉಳಿದಿಲ್ಲ. ಏನ್ ತಿಂತಿದ್ರಿ?" ಎಂದು ಕೇಳಿದರು. ನೀನು "ಎಲ್ಲಾ ತಿಂತೀನಿ" ಅಂದೆ. ಅವರು ನಿನ್ನ ವಸ್ತ್ರದ ಕಡೆ ನೋಡಿ, "ಕೂದಲು ಸುಳ್ಳು ಹೇಳಲ್ಲ" ಅಂದರು. ಹೊಟ್ಟೆಗೆ ಕಮ್ಮಿಯಾದಾಗ ಮೈ ಮೊದಲು ಕೂದಲಿನ ಪಾಲನ್ನೇ ನಿಲ್ಲಿಸುತ್ತದಂತೆ, ಎದೆಗೂ ಮೆದುಳಿಗೂ ಬೇಕಲ್ಲ ಎಂದು. ನಿಂತದ್ದು ತಕ್ಷಣ ತಿಳಿಯುವುದಿಲ್ಲ. "ಇವತ್ತು ಉದುರ್ತಿರೋದು ಮೂರು ತಿಂಗಳ ಹಿಂದಿನ ಹಸಿವು. ಇವತ್ತಿಂದ ಸರಿಯಾಗಿ ಉಂಡ್ರೂ ಇನ್ನೊಂದಷ್ಟು ದಿನ ಉದುರುತ್ತೆ, ಹೆದರ್ಬೇಡಿ. ಆಮೇಲೆ ನಿಲ್ಲುತ್ತೆ, ಬರುತ್ತೆ. ಆದ್ರೆ ಈ ರಕ್ತ ಇಟ್ಕೊಂಡು ನಿಮ್ಮನ್ನ ಆಪರೇಷನ್ನಿಗೆ ಮಲಗಿಸೋಕ್ಕಾಗಲ್ಲ. ವರ್ಷದ ಕೊನೆಗೆ ನೋಡೋಣ."

ನೀನು ಅವರ ಕಾಲು ಹಿಡಿಯುವುದೊಂದು ಬಾಕಿ. "ಅಷ್ಟು ದಿನ ಇವ್ಳು ತಡೀತಾಳಾ ಡಾಕ್ಟ್ರೇ?" ಎಂದು ನನ್ನೆದುರಿಗೇ ಕೇಳಿದೆ.

ಈಗ ಕೇಳು. ನನಗೆ ನಿನ್ನ ಕಿಡ್ನಿ ಬೇಡ. ಇದು ಮುನಿಸಿನ ಮಾತಲ್ಲ. ಸಾಯುವುದಾದರೆ ನಾನೊಬ್ಬಳೇ ಸಾಯುತ್ತೇನೆ, ನೀನು ನನ್ನ ಮುಂದೆ ಮುಂದೆ ಹೋಗಿ ದಾರಿ ತೋರಿಸುವುದು ಬೇಡ. ಭಾವನಿಗೂ ಬರೆದಿದ್ದೇನೆ. ಒಂದೇ ಮನೆಯಲ್ಲಿದ್ದು ಇದನ್ನು ಹೇಗೆ ನೋಡುತ್ತಾ ಕೂತಿದ್ದರು ಎಂದು ಬೈದೇ ಬರೆದಿದ್ದೇನೆ.

ಗುಬ್ಬಿ


ಜೂನ್ 17

ಗುಬ್ಬಿಗೆ,

ನೀನು ಬೈದದ್ದು ಸರಿಯಾಗಿದೆ. ನನಗೆ ಕಾಗದ ಬರೆದು ರೂಢಿಯಿಲ್ಲ. ಲಿಫ್ಟ್ ರಿಪೇರಿಯಾದ ಮೇಲೆ ಏನು ಕೆಟ್ಟಿತ್ತು, ಏನು ಮಾಡಿದೆ, ಈಗ ಹೇಗಿದೆ ಎಂದು ಮೂರು ಸಾಲು ಬರೆದು ಸಹಿ ಹಾಕುವವನು ನಾನು. ಇದನ್ನೂ ಹಾಗೇ ಬರೆಯಲು ನೋಡಿದೆ, ಆಗಲಿಲ್ಲ.

ಅವಳು ಒಲೆ ಬಿಟ್ಟು ಕಿಟಕಿಗೆ ಯಾಕೆ ಹೋದಳೆಂದು ನಿನಗೆ ಬರೆದಿರಲಾರಳು. ಮೇ ತಿಂಗಳಲ್ಲಿ ಚರ್ಮ ಕತ್ತರಿಸುವ ವಿಭಾಗದ ಹಿರಿಯರೊಬ್ಬರ ಬಟ್ಟಲಲ್ಲಿ ಕೂದಲು ಸಿಕ್ಕಿತು. ಅವರು ಗದ್ದಲದ ಮನುಷ್ಯರಲ್ಲ, ತೆಗೆದು ಪಕ್ಕಕ್ಕಿಟ್ಟು ಉಂಡರು. ಮರುದಿನ ಬೇರೆಯವನಿಗೆ ಸಿಕ್ಕಿತು. ಅವನು ಬಟ್ಟಲು ಹಿಡಿದು ಸೀದಾ ಮ್ಯಾನೇಜರ್ ಹತ್ತಿರ ಹೋದ. ಮ್ಯಾನೇಜರ್ ಅಡುಗೆಮನೆಗೆ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೂದಲನ್ನು ಬೆರಳಲ್ಲಿ ಎತ್ತಿ ಹಿಡಿದು, "ಯಾರದಿದು?" ಎಂದು ಕೇಳಿದರಂತೆ. ಮೊಳದುದ್ದದ ಕೂದಲು. ಅಂಥದ್ದು ಆ ಅಡುಗೆಮನೆಯಲ್ಲಿ ಇದ್ದದ್ದು ಒಬ್ಬಳಿಗೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕಡೆಗೆ ತರಕಾರಿ ಹೆಚ್ಚುವವಳು, "ನಂದಿರ್ಬೇಕು ಸಾರ್" ಅಂದಳಂತೆ. ಅವಳದು ಕುತ್ತಿಗೆಗೂ ಬರದ ಗಿಡ್ಡ ಕೂದಲು. ಆಗ ನಿನ್ನ ಅಕ್ಕ, "ನೀನು ಸುಮ್ನಿರೇ. ನಂದು ಸಾರ್" ಎಂದು ಟೋಪಿ ತೆಗೆದು ತಲೆ ತೋರಿಸಿದಳಂತೆ. ಮ್ಯಾನೇಜರ್ ನೋಡಲಾರದೆ ನೆಲ ನೋಡಿದರಂತೆ. "ನೀವು ಕಿಟಕಿಯಲ್ಲಿ ಕೂತ್ಕೊಳ್ಳಿಮ್ಮ" ಎಂದಷ್ಟೇ ಹೇಳಿ ಹೋದರಂತೆ. ಇದನ್ನು ನನಗೆ ಹೇಳಿದವಳು ತರಕಾರಿ ಹೆಚ್ಚುವವಳು. ನಿನ್ನ ಅಕ್ಕ ಅಲ್ಲ.

ನಾನು ಹೇಗೆ ನೋಡುತ್ತಾ ಕೂತಿದ್ದೆ ಎಂದು ಕೇಳಿದ್ದೀಯ. ಬೆಳಿಗ್ಗೆ ಅವಳು ನನಗಿಂತ ಮೊದಲು ಎದ್ದು ದಿಂಬಿನ ಮೇಲಿನ ಕೂದಲನ್ನು ಒಂದೊಂದಾಗಿ ಆರಿಸಿ, ಬೆರಳಿಗೆ ಸುತ್ತಿ ಉಂಡೆ ಮಾಡಿ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ನಾನು ನೋಡಬಾರದೆಂದು. ನನಗೆ ಆಗಲೇ ಎಚ್ಚರವಾಗಿರುತ್ತದೆ. ಕಣ್ಣು ಬಿಡುವುದಿಲ್ಲ. ಬಿಟ್ಟರೆ ಅವಳಿಗೆ ಇನ್ನೊಂದು ಅವಮಾನ. ಇದು ತಪ್ಪೋ ಸರಿಯೋ ನನಗೆ ಗೊತ್ತಾಗಲಿಲ್ಲ.

ಉಣ್ಣು ಎಂದರೆ ಉಂಡೆ ಎನ್ನುತ್ತಾಳೆ. ಗದರಿದರೆ ಎದ್ದು ಹೋಗುತ್ತಾಳೆ. ನಿನ್ನ ಕಾಗದ ಬಂದ ಮೇಲೆ ಮಾತೂ ಇಲ್ಲ, ಊಟವೂ ಇಲ್ಲ. ನಿನ್ನನ್ನು ಒಂದು ಮಾತು ಕೇಳುತ್ತೇನೆ. ಬೇಡ ಎನ್ನಬೇಡ. ಬೇಕು ಎನ್ನು. ನೀನು ಬೇಡವೆಂದರೆ ಅವಳಿಗೆ ತಿನ್ನಲು ಕಾರಣವೇ ಇಲ್ಲದಂತಾಗುತ್ತದೆ.

ಭಾವ


ಜುಲೈ 6

ಗುಬ್ಬೀ,

ನಿನ್ನ ಭಾವ ನಿನಗೆ ಬರೆದದ್ದು ಗೊತ್ತಾಯಿತು. ಕಾಗದ ಪೋಸ್ಟ್ ಮಾಡಿ ಬಂದವರು ಮೂರು ದಿನ ಕಳ್ಳನ ಹಾಗೆ ಓಡಾಡಿದರು, ಆಮೇಲೆ ತಾವೇ ಹೇಳಿದರು. ಆಗಲಿ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ.

ಡಾಕ್ಟರಮ್ಮ ಹೇಳಿದಂತೆಯೇ ಆಗುತ್ತಿದೆ. ನಿನ್ನ ಭಾವನ ಕಾಟಕ್ಕೆ ಈಗ ಅಷ್ಟಿಷ್ಟು ಉಣ್ಣುತ್ತಿದ್ದೇನೆ, ಆದರೂ ಕೂದಲು ಮುಂಚಿಗಿಂತ ಜಾಸ್ತಿ ಉದುರುತ್ತಿದೆ. ತಲೆಗೆ ನೀರು ಹಾಕಿಕೊಂಡರೆ ಬಚ್ಚಲಿನ ತೂತು ಕಟ್ಟಿಕೊಳ್ಳುತ್ತದೆ. ಬಾಚಣಿಗೆಯನ್ನು ಎತ್ತಿಟ್ಟುಬಿಟ್ಟಿದ್ದೇನೆ.

ಯಾಕೆ ನಕ್ಕೆ ಎಂದು ಜನವರಿಯಲ್ಲಿ ಕೇಳಿದ್ದೆಯಲ್ಲ. ಹೇಳುತ್ತೇನೆ.

ನನ್ನನ್ನು ಚಿಕ್ಕಂದಿನಿಂದ ನೋಡಿದವರು ಒಂದೇ ಮಾತು ಹೇಳುತ್ತಿದ್ದರು. "ಮೈ ಹೀಗಿದೆ, ಆದ್ರೆ ಕೂದ್ಲು ನೋಡಿ ಎಷ್ಟು ಚೆನ್ನಾಗಿದೆ." ಆ 'ಆದ್ರೆ' ಇಲ್ಲದೆ ನನ್ನನ್ನು ಯಾರೂ ಹೊಗಳಿದ್ದು ನೆನಪಿಲ್ಲ. ಹೆಣ್ಣು ನೋಡಲು ಬಂದವರಿಗೆ ಅಮ್ಮ ನನ್ನ ಜಡೆಯನ್ನು ಮುಂದೆ ಹಾಕಿ ಕೂರಿಸುತ್ತಿದ್ದಳು. ಬಸ್ಸಿನಲ್ಲಿ ಜನ ನನ್ನ ಪಕ್ಕ ಕೂರಲು ಮುಖ ಸಿಂಡರಿಸುತ್ತಿದ್ದರು, ಹಿಂದೆ ಕೂತವರು ಮಾತ್ರ "ಏನ್ ಹಚ್ತೀರಿ ಕೂದ್ಲಿಗೆ?" ಎಂದು ಕೇಳುತ್ತಿದ್ದರು. ಈ ಮೈಯಿಂದಾಗಿ ಎಲ್ಲ ಕಡೆಯೂ ಬಾಗಿಲು ಸಣ್ಣದು, ಕುರ್ಚಿ ಸಣ್ಣದು, ಬಟ್ಟೆ ಸಣ್ಣದು. ಎಲ್ಲೂ ಹೊಂದಿದವಳಲ್ಲ ನಾನು. ಆವತ್ತು ಡಾಕ್ಟರಮ್ಮ ಕಾಗದ ನೋಡಿ "ಹೊಂದುತ್ತೆ" ಎಂದರು. ನನ್ನ ಮೈಯನ್ನು ನೋಡಿ ಆ ಮಾತು ಹೇಳಿದವರು ಅವರೇ ಮೊದಲು. ಬೇರೆ ಯಾರಿಗಾದರೂ ಅಲ್ಲ, ನಿನಗೆ ಹೊಂದುತ್ತದೆ ಎಂದರು. ಅದಕ್ಕೆ ನಕ್ಕೆ.

ಹಾಗಿರುವಾಗ ತೂಕ ಅಡ್ಡ ಬಂತು ಎಂದರೆ ನನಗೆ ಎಷ್ಟು ರೋಷ ಬಂದಿರಬೇಡ! ಈ ಮೈಯನ್ನು ಹೊಡೆದು ಬಡಿದಾದರೂ ದಾರಿಗೆ ತರುತ್ತೇನೆ ಎಂದುಕೊಂಡೆ. ಹೊಡೆದೆ. ಅದು ಕೂದಲು ಕೊಟ್ಟಿತು. ಇದ್ದದ್ದು ಅದೊಂದೇ ಚೆಂದ, ಅದನ್ನೇ ಕೊಟ್ಟಿತು. ತಮಾಷೆ ಏನೆಂದರೆ, ಪ್ಯಾಕಿಂಗ್ ವಿಭಾಗದವರು ಈಗಲೂ ತೆಳ್ಳಗಾದದ್ದಕ್ಕೆ ಹೊಗಳುತ್ತಾರೆ. ವಸ್ತ್ರದ ಕೆಳಗೆ ಏನಿದೆ ಎಂದು ಅವರಿಗೆ ಗೊತ್ತಿಲ್ಲ. ಇಷ್ಟು ವರ್ಷ ಕಾದ ಹೊಗಳಿಕೆ ಈಗ ಬಂತು, ಕೇಳುತ್ತಾ ವಸ್ತ್ರದ ಗಂಟು ಬಿಗಿ ಮಾಡಿಕೊಳ್ಳುತ್ತೇನೆ.

ಕೂದಲೇನು ಮಹಾ ಎಂದು ನೀನು ಬರೆಯಬಹುದು. ಬರೆಯಬೇಡ. ಅತ್ತಿದ್ದೇನೆ. ನಿನ್ನ ಕಾಯಿಲೆಗೂ ಅಷ್ಟು ಅತ್ತಿಲ್ಲ. ನಾಚಿಕೆಯಾಗುತ್ತದೆ, ಆದರೆ ನಿಜ.

ಬೇಡ ಎಂದು ಮಾತ್ರ ಹೇಳಬೇಡ ಗುಬ್ಬೀ.

ಅಕ್ಕ


ಜುಲೈ 20

ಅಕ್ಕಾ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ, ಮೇಲೆ ಕೋಣೆಯಲ್ಲಿ ಓದಿದೆ, ಈಗ ಮಂಚದ ಮೇಲೆ ಇನ್ನೊಂದು ಸಲ ಓದಿದೆ. ಕೂದಲೇನು ಮಹಾ ಎಂದು ಬರೆಯುವುದಿಲ್ಲ.

ಮೂರು ತಿಂಗಳ ಹಿಂದಿನ ಹಸಿವು ಎಂದರಲ್ಲ ಡಾಕ್ಟರಮ್ಮ. ಜುಲೈನಲ್ಲಿ ಉದುರುತ್ತಿರುವುದು ಏಪ್ರಿಲಿನದು. ಏಪ್ರಿಲಿನಲ್ಲಿ ನಾನು ನಿನಗೊಂದು ಕಾಗದ ಬರೆದಿದ್ದೆ. ಅದಕ್ಕೆ ನೀನು ಎರಡೇ ಸಾಲಿನ ಉತ್ತರ ಬರೆದಿದ್ದೆ. ಇದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಹೀಗೇ ಇದ್ದು ರೂಢಿಯಾಗಿದೆ ಎಂದು ಬರೆದದ್ದು ಸುಳ್ಳು. ಯಂತ್ರ ಬಿಚ್ಚಿದ ಮೇಲೆ ಕಾಲಿನ ಸೆಳೆತಕ್ಕೆ ಹಲ್ಲು ಕಚ್ಚಿ ಮಲಗಿರುತ್ತೇನೆ. ಮೆಟ್ಟಿಲನ್ನು ಕೂತು ಕೂತು ಹತ್ತುತ್ತೇನೆ. ಕಳೆದ ವಾರ ಕೈ ನಡುಗಿ ಒಬ್ಬ ಗಿರಾಕಿಯ ಗಾಜು ಒಡೆದೆ. ಯಜಮಾನರು ಮರುದಿನದಿಂದ ದಪ್ಪ ಗಾಜಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ನಿನ್ನ ಹಾಗೆಯೇ ನನಗೂ ಕುರ್ಚಿ ಸಿಕ್ಕಿದೆ.

ನನಗೆ ಬದುಕಬೇಕೆಂದು ಆಸೆ ಇದೆ ಅಕ್ಕಾ. ಯಾರಿಗೂ ಹೇಳಿರಲಿಲ್ಲ. ನಿನ್ನ ಕಿಡ್ನಿ ಬೇಕು. ಆದರೆ ಉಪವಾಸ ಬಿದ್ದ ಕಿಡ್ನಿ ಬೇಡ. ಮೊಟ್ಟೆ ತಿಂದದ್ದು, ಕಾಳು ತಿಂದದ್ದು, ಹಾಲು ಕುಡಿದದ್ದು, ಅಂಥದ್ದು ಬೇಕು. ವರ್ಷದ ಕೊನೆಯವರೆಗೆ ನಾನು ತಡೆಯುತ್ತೇನೆ. ಇದು ನಾನು ನಿನಗೆ ಕೊಡುವ ಮಾತು. ನೀನು ತಟ್ಟೆ ಮುಂದೆ ಕೂರು. ಅದು ನೀನು ನನಗೆ ಕೊಡುವ ಮಾತು.

ನಿನ್ನ
ಗುಬ್ಬಿ


ಡಿಸೆಂಬರ್ 14

ಗುಬ್ಬೀ,

ದಿನ ಗೊತ್ತಾದ ಸುದ್ದಿ ಆಸ್ಪತ್ರೆಯಿಂದ ನಿನಗೂ ಬಂದಿರುತ್ತದೆ. ರಕ್ತ ಸಾಕಷ್ಟಾಗಿದೆಯಂತೆ. ಉಳಿದ ನಾಲ್ಕೈದು ಆಲೂಗಡ್ಡೆ ತಾವಾಗಿಯೇ ಇಳಿದವು. ಬೆಳಿಗ್ಗೆ ನಿನ್ನ ಭಾವ ಎರಡು ಮೊಟ್ಟೆ ಬೇಯಿಸಿ, ಸುಲಿದು, ಎದುರಿಗೆ ಕೂತು ಕಾವಲು ಕಾಯುತ್ತಿದ್ದರು. ನಾನು ನುಂಗುವವರೆಗೆ ಬೂಟು ಹಾಕಿಕೊಳ್ಳುತ್ತಿರಲಿಲ್ಲ. ಎಷ್ಟು ಲಿಫ್ಟುಗಳಲ್ಲಿ ಎಷ್ಟು ಜನ ಸಿಕ್ಕಿಹಾಕಿಕೊಂಡು ಕಾದರೋ.

ಕೂದಲು ಉದುರುವುದು ನಿಂತಿತು. ಯಾವತ್ತು ನಿಂತಿತೆಂದು ಹೇಳಲಾರೆ. ಒಂದು ದಿನ ದಿಂಬಿನ ಮೇಲೆ ಆರಿಸಲು ಏನೂ ಇರಲಿಲ್ಲ. ನಾನು ಕೈಯಾಡಿಸಿ ಹುಡುಕುತ್ತಿದ್ದೆ. ನಿನ್ನ ಭಾವ ಕಣ್ಣು ಮುಚ್ಚಿಕೊಂಡೇ, "ಇವತ್ತು ಇಲ್ಲ ಬಿಡು" ಅಂದರು.

ಆ ವಾರ ಕ್ಷೌರದಂಗಡಿಗೆ ಹೋಗಿ ಉಳಿದ ಉದ್ದ ಕೂದಲನ್ನು ಕತ್ತರಿಸಿಬಿಡಿ ಎಂದೆ. ಅಂಗಡಿಯಾಕೆ ವಸ್ತ್ರ ಬಿಚ್ಚಿದವಳು ನೆತ್ತಿಯ ಮೇಲೆ ಬೆರಳಾಡಿಸಿ, "ಬರ್ತಿದೆಯಲ್ಲ, ಚುಚ್ತಾ ಇದೆ ನೋಡಿ" ಅಂದಳು. ನಾನು ಮುಟ್ಟಿ ನೋಡಿದೆ. ಎಳೆ ಕೂದಲು. ಮುಂದೆ ಬೆಳ್ಳಗಿದೆ, ಹಿಂದೆ ಕಪ್ಪಗಿದೆ. ಮುಂಚಿನಷ್ಟು ದಟ್ಟ ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ, ನನ್ನ ವಯಸ್ಸಿಗೆ ಅದು ಅನುಮಾನವಂತೆ. ಕೇಳಿ ಮನಸ್ಸಿಗೆ ಕಷ್ಟವಾಯಿತು. ಇಲ್ಲವೆಂದು ಹೇಳುವುದಿಲ್ಲ.

ಮ್ಯಾನೇಜರ್ ಮತ್ತೆ ಒಲೆಗೆ ಬನ್ನಿ ಎಂದಿದ್ದಾರೆ. ಜನ ಹೊಸಬರ ಉಪ್ಪಿಗೆ ಸೋತುಹೋಗಿದ್ದಾರೆ. ಆಪರೇಷನ್ ಮುಗಿಸಿಕೊಂಡು ಬರುತ್ತೇನೆ ಎಂದೆ. ತಲೆಗೆ ಏನೂ ಕಟ್ಟದೆ ಹೋಗಿ ಹೇಳಿ ಬಂದೆ.

ಹೆದರಿಕೆ ಇದೆಯೇ ಎಂದು ನೀನು ಕೇಳಿಲ್ಲ. ನಾನೂ ಕೇಳುವುದಿಲ್ಲ. ಬರುವಾಗ ಉಣ್ಣೆಯ ಕಾಲುಚೀಲ ತಾ, ಆ ವಾರ್ಡಿನಲ್ಲಿ ಚಳಿ.

ನಿನ್ನ
ಅಕ್ಕ


ಮೇ 27

ಅಕ್ಕಾ,

ನೀನು ಮತ್ತೆ ಒಲೆ ಮುಂದೆ ನಿಂತೆ ಎಂದು ಭಾವ ಬರೆದಿದ್ದಾರೆ. ಮೂರೇ ಸಾಲು, ಕೆಳಗೆ ಸಹಿ. ನಿನ್ನ ಗಾಯ ಬಗ್ಗುವಾಗ ಎಳೆಯುತ್ತದೆ ಎಂಬುದು ಎರಡನೆಯ ಸಾಲಿನಲ್ಲಿತ್ತು. ಮೂಟೆ ಎತ್ತಬೇಡ. ದಾಸ್ತಾನಿನವನು ಎತ್ತಲಿ.

ನನ್ನ ಹೊಟ್ಟೆಯಲ್ಲಿರುವ ನೀನು ಚೆನ್ನಾಗಿದ್ದೀಯ. ಡಾಕ್ಟರಮ್ಮ ಪ್ರತಿ ಸಲ ವರದಿ ನೋಡಿ "ಒಳ್ಳೆ ಗಟ್ಟಿಗಿತ್ತಿ" ಎನ್ನುತ್ತಾರೆ. ನನ್ನನ್ನಲ್ಲ, ಅದನ್ನು. ಬೆಳಿಗ್ಗೆ ಎದ್ದು ಮೆಟ್ಟಿಲನ್ನು ನಿಂತುಕೊಂಡೇ ಇಳಿಯುತ್ತೇನೆ. ದಪ್ಪ ಗಾಜಿನ ಕೆಲಸ ಮತ್ತೆ ನನಗೇ ಬಂದಿದೆ.

ಒಂದು ವಿಷಯ ಮಾತ್ರ ನಿನಗೆ ಹೇಳಿರಲಿಲ್ಲ. ನಿನ್ನ ಕಿಡ್ನಿ ಒಂಟಿಯಾಗಿ ಬಂದಿಲ್ಲ, ಸಂಸಾರ ಸಮೇತ ಬಂದಿದೆ. ಅದನ್ನು ನನ್ನ ಮೈ ಹೊರಗೆ ದಬ್ಬದಿರಲೆಂದು ಮಾತ್ರೆ ಕೊಡುತ್ತಾರಲ್ಲ, ಅದರಿಂದ ಮುಖ ದುಂಡಗಾಗಿದೆ, ಮೈ ತುಂಬಿಕೊಂಡಿದೆ. ಹಳೆಯ ರವಿಕೆ ಒಂದೂ ಹಿಡಿಯುವುದಿಲ್ಲ. ಕೆನ್ನೆಯ ಮೇಲೆ, ಮೇಲ್ತುಟಿಯ ಮೇಲೆ, ಕೈಯುದ್ದಕ್ಕೂ ಕೂದಲು ಬಂದಿದೆ, ಎಳೆಯದು, ಕಪ್ಪನೆಯದು. ನಿನ್ನ ತಲೆಯಿಂದ ಹೋದದ್ದೆಲ್ಲ ದಾರಿ ತಪ್ಪಿ ನನ್ನ ಹತ್ತಿರ ಬಂತೋ ಏನೋ. ಮೊದಮೊದಲು ಮುಖಕ್ಕೆ ವಸ್ತ್ರ ಸುತ್ತಿಕೊಂಡು ಅಂಗಡಿಗೆ ಇಳಿಯುತ್ತಿದ್ದೆ. ಸೋಂಕಾಗದಿರಲೆಂದು ಕಟ್ಟಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನೀನು ಬಿಸಿಲು ಜಾಸ್ತಿ ಎಂದು ಬರೆದಿದ್ದೆಯಲ್ಲ, ಹಾಗೆ. ಬಸ್ಸಿನಲ್ಲಿ ಒಬ್ಬಳು ನನ್ನ ಪಕ್ಕ ಕೂರುವ ಮುಂಚೆ ಸೀಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆ ನೋಟ ನನಗೆ ಹೊಸದು. ನೀನು ಅದನ್ನು ಎಷ್ಟು ವರ್ಷ ಹೊತ್ತು ತಿರುಗಿದೆ ಎಂದು ಆವತ್ತು ದಾರಿಯುದ್ದಕ್ಕೂ ಯೋಚಿಸಿದೆ.

ನಿನ್ನೆ ಒಬ್ಬ ಹೆಂಗಸು ಕನ್ನಡಕ ತೆಗೆದುಕೊಳ್ಳಲು ಬಂದಿದ್ದಳು. ಹಳೆಯ ಗಿರಾಕಿ. ಹೊಸ ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದೇ ನನ್ನ ಮುಖ. ನಾನು ವಸ್ತ್ರ ಕಟ್ಟಿರಲಿಲ್ಲ. ಅವಳು ಕಣ್ಣು ಕಿರಿದು ಮಾಡಿ, "ನೀವು ಮುಂಚೆ ಎಷ್ಟು ತೆಳ್ಳಗಿದ್ರಿ, ಲಕ್ಷಣವಾಗಿದ್ರಿ. ಏನಾಗೋಯ್ತು ನಿಮಗೆ?" ಎಂದು ಕೇಳಿದಳು. ಯಜಮಾನರು ಪಾಪ, ಕೇಳಿಸದವರಂತೆ ಡಬ್ಬಿ ಒರೆಸತೊಡಗಿದರು.

ನಾನು ಅವಳ ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಸರಿಯಾಗಿ ಕೂರಿಸುತ್ತಾ ಹೇಳಿದೆ:

"ನಮ್ಮಕ್ಕನ ಥರ ಆಗ್ತಾ ಇದ್ದೀನಿ."

ನಿನ್ನ
ಗುಬ್ಬಿ